ಗುಲಾಬಿ ಅರಳುವ ಮೊದಲೇ ಜಿಂಕೆ ಪಾಲು: ತೋಟ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮಸ್ಕಾರ. ನಮ್ಮದು ಬಡಾವಣೆಯ ಕೊನೆಯ ಸಾಲಿನ ಮನೆ. ಹಿತ್ತಲ ಹಿಂದೆ ಒಂದು ಹಳ್ಳ, ಅದರಾಚೆ ಕುರುಚಲು ಕಾಡು. ಇಲ್ಲಿಗೆ ಬಂದು ಮೂರು ವರ್ಷವಾಯಿತು. ಮೊದಲ ವರ್ಷ ಜಿಂಕೆ ಕಂಡರೆ ಮನೆಮಂದಿಯೆಲ್ಲ ಕಿಟಕಿ ಹತ್ತಿರ ಓಡುತ್ತಿದ್ದೆವು. ಈಗ ವಾರಕ್ಕೆ ನಾಲ್ಕು ದಿನ ಬರುತ್ತವೆ. ಗುಲಾಬಿ ಮೊಗ್ಗು, ದಾಸವಾಳದ ಚಿಗುರು, ಬೀನ್ಸ್ ಏನೂ ಉಳಿಯುತ್ತಿಲ್ಲ. ಸಿಹಿಗೆಣಸಿನ ಬಳ್ಳಿ ಒಂದೇ ರಾತ್ರಿಯಲ್ಲಿ ಬರೀ ದಂಟಾಯಿತು. ಸೋಪು ಕಟ್ಟಿದೆ, ಕೂದಲು ಚೆಲ್ಲಿದೆ, ಕಿವಿಗೆ ಕೇಳಿಸದ ಸದ್ದು ಮಾಡುವ ಯಂತ್ರವನ್ನೂ ತಂದಿಟ್ಟೆ. ಪ್ರಯೋಜನವಾಗಲಿಲ್ಲ. ಪಕ್ಕದ ಮನೆಯವರು ಜಿಂಕೆಗಳಿಗೆ ಜೋಳ ಹಾಕುತ್ತಾರೆ. "ಹೊಟ್ಟೆ ತುಂಬಿದರೆ ನಿಮ್ಮ ಗಿಡದ ಕಡೆ ಬರಲ್ಲ" ಅನ್ನುತ್ತಾರೆ. ನಮ್ಮ ಯಜಮಾನರು ಕರೆಂಟ್ ಬೇಲಿ ಹಾಕಿಸೋಣ ಅನ್ನುತ್ತಿದ್ದಾರೆ. ಮನೆಯಲ್ಲಿ ಐದು ವರ್ಷದ ಮಗಳಿದ್ದಾಳೆ, ನನಗೆ ಭಯ. ಹೋದ ತಿಂಗಳು ಹುಲ್ಲಿನಲ್ಲಿ ಒಂದು ಮರಿ ಒಂಟಿಯಾಗಿ ಮಲಗಿತ್ತು, ಅದನ್ನು ಒಳಗೆ ತರೋಣ ಅಂತ ಮಗಳು ಅತ್ತಳು. ಒಂದು ಗುಲಾಬಿ ಗಿಡ ಅಮ್ಮನ ಮನೆಯಿಂದ ಕಡ್ಡಿ ತಂದು ಬೆಳೆಸಿದ್ದು. ಅಮ್ಮ ಈಗಿಲ್ಲ. ಈ ವರ್ಷ ಅದರಲ್ಲಿ ಒಂದು ಹೂವೂ ಅರಳಲಿಲ್ಲ. ಜಿಂಕೆ ತಿನ್ನದ ಗಿಡ ಯಾವುದಾದರೂ ಇದೆಯೇ? ಅವಕ್ಕೆ ಹಿಂಸೆಯಾಗದ ಹಾಗೆ ಏನು ಮಾಡಬಹುದು? ಅಥವಾ ತೋಟವನ್ನೇ ಬಿಟ್ಟುಬಿಡಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟ ಒಟ್ಟಿಗಿವೆ. ಬೆಳೆಸಿದ್ದು ಕಣ್ಣೆದುರೇ ಹಾಳಾಗುತ್ತಿದೆ. ಹಾಳು ಮಾಡುತ್ತಿರುವ ಪ್ರಾಣಿಯ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೆ ಅದಕ್ಕೂ ಮನಸ್ಸು ಒಪ್ಪುತ್ತಿಲ್ಲ. ತೋಟಕ್ಕೆ ನುಗ್ಗುವ ಕಾಡುಪ್ರಾಣಿಗಳ ವಿಚಾರದಲ್ಲಿ ಸಲಹೆ ಕೊಡುತ್ತಾ ನನಗೆ ಇಪ್ಪತ್ತು ವರ್ಷದ ಮೇಲಾಯಿತು. ನಿಮ್ಮ ಹಾಗೆ ಕೇಳುವವರೇ ಜಾಸ್ತಿ.

ತೋಟ ಬಿಡಬೇಕಾಗಿಲ್ಲ. ಆದರೆ ಇಡೀ ತೋಟವನ್ನು ಕಾಯುತ್ತೇನೆ ಅಂತ ಹೊರಟರೆ ದುಡ್ಡೂ ಹೋಗುತ್ತದೆ, ಉಸಿರೂ ಸಾಲುವುದಿಲ್ಲ. ಯಾವ ಗಿಡ ಹೋದರೆ ನಿಮಗೆ ಸಹಿಸಲು ಆಗುವುದಿಲ್ಲವೋ ಅದಕ್ಕೆ ಜಾಲರಿ ಹಾಕಿ. ಉಳಿದ ಗಿಡಗಳು ಜಿಂಕೆಗೆ ರುಚಿಸದ ಹಾಗೆ ನೋಡಿಕೊಳ್ಳಿ. ನನ್ನ ಇಡೀ ಉತ್ತರದ ತಿರುಳು ಇಷ್ಟೇ.

ಮೊದಲು ತಿನ್ನುತ್ತಿರುವುದು ಜಿಂಕೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ನೀವು ಕಣ್ಣಾರೆ ನೋಡಿದ್ದೀರಿ, ನಿಜ. ಆದರೂ ಎಲ್ಲ ಹಾನಿಯೂ ಅವುಗಳದ್ದೇ ಆಗಿರಬೇಕಿಲ್ಲ. ಬೆಳಿಗ್ಗೆ ಎದ್ದು ತುಂಡಾದ ಗುಲಾಬಿ ಕಡ್ಡಿಯ ತುದಿಯನ್ನು ಹತ್ತಿರದಿಂದ ನೋಡಿ. ಜಿಂಕೆಗೆ ಮೇಲಿನ ದವಡೆಯ ಮುಂಭಾಗದಲ್ಲಿ ಬಾಚಿಹಲ್ಲು ಇರುವುದಿಲ್ಲ. ಅಲ್ಲಿ ಇರುವುದು ಗಟ್ಟಿ ಒಸಡು ಮಾತ್ರ. ಕೆಳಗಿನ ಹಲ್ಲಿಗೂ ಆ ಒಸಡಿಗೂ ನಡುವೆ ಚಿಗುರನ್ನು ಹಿಡಿದು, ತಲೆ ಎತ್ತಿ ಎಳೆದು ಹರಿಯುತ್ತದೆ. ಹಾಗಾಗಿ ತುದಿ ಒರಟಾಗಿರುತ್ತದೆ, ನಾರು ಎದ್ದಿರುತ್ತದೆ, ಒಂದು ಪಕ್ಕ ತೊಗಟೆ ಸುಲಿದು ನೇತಾಡುತ್ತಿರುತ್ತದೆ. ಮೊಲವಾದರೆ ಚಾಕುವಿನಿಂದ ಓರೆಯಾಗಿ ಕತ್ತರಿಸಿದ ಹಾಗೆ ಶುಭ್ರವಾದ ತುದಿ ಕಾಣುತ್ತದೆ, ಅದೂ ನೆಲಕ್ಕೆ ಹತ್ತಿರ. ಎಲೆಯಲ್ಲಿ ತೂತು, ಅಂಚಿನಲ್ಲಿ ಕಚ್ಚು, ಹೊಳೆಯುವ ಲೋಳೆ ಗೆರೆ ಕಂಡರೆ ಹುಳ ಅಥವಾ ಬಸವನಹುಳು. ಮಣ್ಣು ಒದ್ದೆಯಿದ್ದರೆ ಗೊರಸಿನ ಗುರುತೂ ಸಿಗುತ್ತದೆ. ಎರಡು ಭಾಗವಾಗಿ ಸೀಳಿದ, ಮುಂದಕ್ಕೆ ಚೂಪಾದ ಗುರುತು. ಸುತ್ತಮುತ್ತ ಕಪ್ಪು ಕಾಳಿನಂಥ ಹಿಕ್ಕೆ ಬಿದ್ದಿರುತ್ತದೆ.

ಎಳೆ ಮರದ ಕಾಂಡದಲ್ಲಿ ಮೊಣಕಾಲಿಂದ ಸೊಂಟದ ಎತ್ತರದವರೆಗೆ ತೊಗಟೆ ಉಜ್ಜಿ ಹೋಗಿದ್ದರೆ ಅದು ತಿಂದ ಗುರುತಲ್ಲ. ಗಂಡು ಜಿಂಕೆ ಕೊಂಬು ತಿಕ್ಕಿದ್ದು. ಕೊಂಬಿನ ಮೇಲಿನ ತೆಳು ಚರ್ಮ ಕಳಚಿಕೊಳ್ಳಲು, ತನ್ನ ವಾಸನೆ ಅಂಟಿಸಲು ಹೀಗೆ ಮಾಡುತ್ತದೆ. ಇದಕ್ಕೆ ಯಾವ ಸಿಂಪಡಣೆಯೂ ನಾಟುವುದಿಲ್ಲ. ಕಾಂಡಕ್ಕೆ ಸುತ್ತಲೂ ಜಾಲರಿಯ ಕೊಳವೆ ಹಾಕುವುದೊಂದೇ ದಾರಿ. ಕಾಂಡದ ಸುತ್ತ ಪೂರ್ತಿ ತೊಗಟೆ ಹೋದರೆ ಆ ಮರ ಉಳಿಯುವುದು ಕಷ್ಟ.

ಈಗ ಮುಖ್ಯ ಪ್ರಶ್ನೆ. ಹಿಂದೆ ಅಷ್ಟು ದೊಡ್ಡ ಕಾಡಿದೆಯಲ್ಲ, ನಿಮ್ಮ ಗಿಡವೇ ಯಾಕೆ ಬೇಕು?

ದನದ ಹಾಗೆ ಒಣಹುಲ್ಲು ತಿಂದು ಜೀರ್ಣಿಸಿಕೊಳ್ಳುವ ಹೊಟ್ಟೆ ಜಿಂಕೆಗಿಲ್ಲ. ಅದೂ ಮೆಲುಕು ಹಾಕುವ ಪ್ರಾಣಿಯೇ, ಹೊಟ್ಟೆಯಲ್ಲಿ ನಾಲ್ಕು ಭಾಗ ಇದೆ. ಆದರೆ ಮೊದಲ ಚೀಲ ದೇಹದ ಅಳತೆಗೆ ಚಿಕ್ಕದು. ಒರಟು ಮೇವನ್ನು ಅಲ್ಲಿ ದಿನಗಟ್ಟಲೆ ಇಟ್ಟುಕೊಂಡು ಕೊಳೆಸುವುದಕ್ಕೆ ಜಾಗ ಸಾಲದು. ಅದಕ್ಕೇ ಅನೇಕ ಜಾತಿಯ ಜಿಂಕೆಗಳು ಮೂತಿ ಚೂಪಾಗಿಸಿ ಕುಡಿ, ಮೊಗ್ಗು, ಕಾಯಿ ಅಂತ ಸತ್ವ ಇರುವುದನ್ನೇ ಆರಿಸಿ ತಿನ್ನುತ್ತವೆ. ಒಂದು ಮಧ್ಯಮ ಗಾತ್ರದ ಜಿಂಕೆಗೆ ದಿನಕ್ಕೆ 2ರಿಂದ 4 ಕಿಲೋ ಹಸಿ ಮೇವು ಬೇಕು. ಕಾಡಿನಲ್ಲಿ ಅಷ್ಟು ಎಳೆ ಸೊಪ್ಪು ಸಿಗಬೇಕಾದರೆ ಎಷ್ಟೋ ಪೊದೆ ಸುತ್ತಬೇಕು. ನಿಮ್ಮ ಹಿತ್ತಲಲ್ಲಿ ನೀರು ಕುಡಿದ, ಗೊಬ್ಬರ ಉಂಡ ಗಿಡಗಳು ಹತ್ತು ಹೆಜ್ಜೆಯಲ್ಲಿ ಸಾಲಾಗಿ ನಿಂತಿವೆ. ಗುಲಾಬಿಯ ಎಳೆ ಕುಡಿಯಲ್ಲಿ ಮುಳ್ಳು ಕೂಡ ಮೆತ್ತಗಿರುತ್ತದೆ.

ಬೇಸಿಗೆಯಲ್ಲಿ ಕಾಡು ಒಣಗಿದಾಗ, ಚಳಿ ದೇಶಗಳಲ್ಲಿ ಹಿಮ ಮುಚ್ಚಿದಾಗ ಈ ವ್ಯತ್ಯಾಸ ಇನ್ನೂ ಜಾಸ್ತಿಯಾಗುತ್ತದೆ. ಅದರ ಮೇಲೆ, ಜನವಸತಿಯ ಅಂಚಿನಲ್ಲಿ ಬೇಟೆ ಪ್ರಾಣಿಗಳ ಕಾಟ ಕಡಿಮೆ. ಅಡಗಲು ಪೊದೆ ಒಂದು ಕಡೆ, ತಿನ್ನಲು ತೋಟ ಇನ್ನೊಂದು ಕಡೆ. ಜಿಂಕೆಗೆ ಇಂಥ ಅಂಚಿನ ಜಾಗವೇ ಅಚ್ಚುಮೆಚ್ಚು.

ಇಷ್ಟೇ ಆಗಿದ್ದರೆ ಸಮಸ್ಯೆ ಸುಲಭ ಇತ್ತು. ಅದಕ್ಕಿಂತ ಗಟ್ಟಿಯಾದದ್ದು ರೂಢಿ. ಮರಿ ತಾಯಿಯ ಹಿಂದೆ ನಡೆದು ಎಲ್ಲಿ ಏನು ಸಿಗುತ್ತದೆ ಅಂತ ಕಲಿಯುತ್ತದೆ. ಹೆಣ್ಣು ಮರಿ ದೊಡ್ಡದಾದ ಮೇಲೂ ಸಾಮಾನ್ಯವಾಗಿ ತಾಯಿ ಓಡಾಡಿದ ಜಾಗದ ಆಸುಪಾಸಿನಲ್ಲೇ ಉಳಿಯುತ್ತದೆ. ಅಂದರೆ ಮೂರು ವರ್ಷದ ಹಿಂದೆ ನೀವು ಕಿಟಕಿಯಿಂದ ನೋಡಿ ಖುಷಿಪಟ್ಟ ಜಿಂಕೆಯ ಮರಿಗಳೂ ಇವತ್ತು ನಿಮ್ಮ ಬೀನ್ಸ್ ಸಾಲಿಗೆ ಬರುತ್ತಿರಬಹುದು. ಅವಕ್ಕೆ ಅದು ಹುಟ್ಟಿದಾಗಿನಿಂದ ಕಂಡ ದಾರಿ. ಈ ದಾರಿ ತಪ್ಪಿಸುವುದಕ್ಕೆ ಸಮಯ ಬೇಕು. ಒಂದು ವಾರದ ಸೋಪಿನಿಂದ ಆಗುವ ಕೆಲಸ ಅಲ್ಲ.

ನೀವು ಮಾಡಿ ನೋಡಿದ ಉಪಾಯಗಳ ಬಗ್ಗೆ ಹೇಳುತ್ತೇನೆ. ಸೋಪಿನಲ್ಲಿ ಸ್ವಲ್ಪ ಸತ್ಯ ಇದೆ. ಘಾಟು ವಾಸನೆಯ ಸೋಪು ತನ್ನ ಸುತ್ತ ಒಂದು ಮೀಟರಿನಷ್ಟು ಜಾಗವನ್ನು ಸುಮಾರಾಗಿ ಕಾಯುತ್ತದೆ. ಅದರಾಚೆಗೆ ಇಲ್ಲ. ಇಡೀ ತೋಟಕ್ಕೆ ಕಟ್ಟಬೇಕಾದರೆ ಗಿಡಕ್ಕೊಂದು ಸೋಪು ಬೇಕಾಗುತ್ತದೆ. ಕೂದಲಿನದು ಅದಕ್ಕಿಂತ ಕಡಿಮೆ. ಮನುಷ್ಯರ ನಡುವೆಯೇ ಓಡಾಡುವ ಜಿಂಕೆಗೆ ಮನುಷ್ಯರ ವಾಸನೆ ಹೊಸದೇ? ದಿನಾ ನಿಮ್ಮ ಬಟ್ಟೆ ಒಣಗುವ ಹಗ್ಗದ ಕೆಳಗೇ ಮೇಯುತ್ತವೆ ಅಲ್ವಾ?

ಸದ್ದಿನ ಯಂತ್ರಕ್ಕೆ ದುಡ್ಡು ಹಾಕಿದ್ದಕ್ಕೆ ನೀವು ಬೇಜಾರು ಮಾಡಿಕೊಳ್ಳಬೇಡಿ, ತುಂಬ ಜನ ಕೊಳ್ಳುತ್ತಾರೆ. ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ವರೆಗೆ ಕೇಳಿಸಿಕೊಳ್ಳುತ್ತದೆ. ಜಿಂಕೆ ಅದಕ್ಕಿಂತ ಮೇಲಿನದನ್ನೂ ಕೇಳಿಸಿಕೊಳ್ಳಬಲ್ಲದು. ಆದರೆ ಅದರ ಕಿವಿ ಚುರುಕಾಗಿರುವುದು 4ರಿಂದ 8 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ನಮಗೂ ಕೇಳುವ ಸದ್ದಿನಲ್ಲೇ. ಮುಖ್ಯ ವಿಷಯ ಬೇರೆ ಇದೆ. ಯಾವ ಸದ್ದಾದರೂ ಅದರ ಹಿಂದೆ ಅಪಾಯ ಬರದಿದ್ದರೆ ಜಿಂಕೆ ನಾಲ್ಕು ದಿನದಲ್ಲಿ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ರೇಡಿಯೊ, ಹೊಳೆಯುವ ಪಟ್ಟಿ, ಬೆಚ್ಚು, ರಾತ್ರಿ ಉರಿಯುವ ದೀಪ ಎಲ್ಲದರ ಹಣೆಬರಹವೂ ಇದೇ. ಒಂದು ಮನೆಯಲ್ಲಿ ರಾತ್ರಿ ಕೂತು ನೋಡಿದ್ದೆ. ದೀಪ ಫಕ್ಕನೆ ಹತ್ತಿತು. ಹೆಣ್ಣು ಜಿಂಕೆಯೊಂದು ತಲೆ ಎತ್ತಿತು, ಒಂದು ಕಿವಿ ಮಾತ್ರ ಮನೆಯ ಕಡೆ ತಿರುಗಿಸಿತು. ಬಾಯಲ್ಲಿದ್ದ ಎಲೆಯನ್ನು ಅಗಿಯುತ್ತಲೇ ಇತ್ತು. ಅರ್ಧ ನಿಮಿಷ ಬಿಟ್ಟು ಅದೇ ಬೆಳಕಿನಲ್ಲಿ ಪಕ್ಕದ ಕೊಂಬೆಯ ಮೊಗ್ಗುಗಳನ್ನು ಒಂದೊಂದಾಗಿ ಆರಿಸಿ ತಿಂದಿತು.

ಜೋಳ ಹಾಕುವ ವಿಚಾರದಲ್ಲಿ ನಾನು ಸ್ವಲ್ಪ ಖಂಡಿತವಾಗಿಯೇ ಹೇಳಬೇಕು. ನಿಮ್ಮ ನೆರೆಯವರ ಮನಸ್ಸು ಒಳ್ಳೆಯದು, ಲೆಕ್ಕ ತಪ್ಪು. ಹೊಟ್ಟೆ ತುಂಬಿಸಿಕೊಂಡು ಜಿಂಕೆ ವಾಪಸು ಹೋಗುವುದಿಲ್ಲ. ಜೋಳದ ಆಸೆಗೆ ಬಂದದ್ದು ಅಲ್ಲೇ ಸುತ್ತಾಡುತ್ತದೆ, ಜೊತೆಗೆ ಸೊಪ್ಪೂ ಬೇಕಾಗುತ್ತದೆ, ಸೊಪ್ಪು ನಿಮ್ಮ ಹಿತ್ತಲಲ್ಲಿದೆ. ಎರಡು ಬರುವ ಕಡೆ ಆರು ಬರುತ್ತವೆ. ಇನ್ನೂ ಗಂಭೀರವಾದದ್ದು ಅವುಗಳ ಆರೋಗ್ಯ. ಜಿಂಕೆಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಸೊಪ್ಪು ಕಡ್ಡಿಗೆ ಒಗ್ಗಿರುತ್ತವೆ. ಇದ್ದಕ್ಕಿದ್ದ ಹಾಗೆ ಕಾಳು ಜಾಸ್ತಿ ಬಿದ್ದರೆ ಹೊಟ್ಟೆಯಲ್ಲಿ ಆಮ್ಲ ಏರುತ್ತದೆ. ಅದರಿಂದ ಹೊಟ್ಟೆ ತುಂಬಿದ್ದ ಹಾಗೇ ಪ್ರಾಣಿ ಸಾಯಬಹುದು. ಒಂದೇ ಜಾಗದಲ್ಲಿ ಮೂತಿಗೆ ಮೂತಿ ತಾಗಿಸಿ ತಿನ್ನುವುದರಿಂದ ರೋಗವೂ ಹರಡುತ್ತದೆ. ಜಿಂಕೆಗಳ ಮಿದುಳನ್ನು ಹಾಳು ಮಾಡುವ ಒಂದು ವಾಸಿಯಾಗದ ಕಾಯಿಲೆ ಇದೆ. ದಿನೇ ದಿನೇ ಸೊರಗಿ ಸಾಯುತ್ತವೆ. 1967ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಇದನ್ನು ಮೊದಲು ಗುರುತಿಸಿದರು. ಎಂಜಲು ಮತ್ತು ಹಿಕ್ಕೆಯಿಂದ ಅದು ಹರಡುತ್ತದೆ. ಆ ಕಾಯಿಲೆ ಇರುವ ಕಡೆ ಜಿಂಕೆಗೆ ಮೇವು ಹಾಕುವುದನ್ನೇ ಎಷ್ಟೋ ಕಡೆ ನಿಷೇಧಿಸಿದ್ದಾರೆ.

ನೆರೆಯವರ ಹತ್ತಿರ ತಕರಾರಿನ ಮಾತು ಎತ್ತಬೇಡಿ. "ನನ್ನ ಗಿಡ ಹೋಯಿತು" ಅಂದರೆ ಜಗಳವಾಗುತ್ತದೆ. "ಜೋಳ ತಿಂದು ಜಿಂಕೆಗೇ ಹೊಟ್ಟೆ ಕೆಡುತ್ತದಂತೆ" ಅಂತ ಶುರು ಮಾಡಿ. ಜಿಂಕೆ ಮೇಲೆ ಪ್ರೀತಿ ಇರುವವರಿಗೆ ಆ ಮಾತು ತಾಗುತ್ತದೆ. ಈ ಒಂದು ಮಾತುಕತೆ ನಿಮ್ಮ ತೋಟಕ್ಕೆ ಯಾವ ಔಷಧಿಗಿಂತಲೂ ಜಾಸ್ತಿ ಉಪಕಾರ ಮಾಡಬಹುದು.

ಇನ್ನು ಕೆಲಸಕ್ಕೆ ಬರುವ ದಾರಿಗಳು. ಎಲ್ಲಕ್ಕಿಂತ ನಂಬಿಕೆಗೆ ಯೋಗ್ಯವಾದದ್ದು ತಡೆ. ಬೇಲಿ.

ದೊಡ್ಡ ಜಾತಿಯ ಜಿಂಕೆ ಹಸಿವಾದಾಗ ಅಥವಾ ಹೆದರಿದಾಗ 2 ಮೀಟರ್ ದಾಟಿ ಹಾರುತ್ತದೆ. ಹಾಗಾಗಿ ಇಡೀ ಹಿತ್ತಲಿಗೆ ಬೇಲಿ ಹಾಕುವುದಾದರೆ 2.4 ಮೀಟರ್ ಎತ್ತರ ಬೇಕು ಅನ್ನುತ್ತೇವೆ. ಚಿಕ್ಕ ಜಾತಿಗಾದರೆ 1.5 ಮೀಟರ್ ಸಾಕಾಗಬಹುದು, ಆದರೆ ಜಾಲರಿಯ ಕಣ್ಣು ಸಣ್ಣದಿರಬೇಕು. ಇಷ್ಟೆತ್ತರದ ಬೇಲಿಗೆ ಖರ್ಚು ಜಾಸ್ತಿ. ವಸತಿ ಜಾಗದಲ್ಲಿ ಅಷ್ಟು ಎತ್ತರಕ್ಕೆ ಅನುಮತಿ ಇದೆಯೇ ಅಂತ ಮೊದಲೇ ವಿಚಾರಿಸಬೇಕು.

ಆದರೆ ಜಿಂಕೆಯ ಸ್ವಭಾವದಲ್ಲೇ ನಮಗೆ ಎರಡು ಅನುಕೂಲ ಇವೆ. ಆಚೆ ಕಡೆ ಏನಿದೆ ಅಂತ ಕಾಣದಿದ್ದರೆ ಅದು ಹಾರಲು ಹಿಂಜರಿಯುತ್ತದೆ. ಹಾಗಾಗಿ ಸಂದಿಲ್ಲದ ಹಲಗೆ ಬೇಲಿ ಅಥವಾ ಗೋಡೆ 1.8 ಮೀಟರ್ ಇದ್ದರೂ ಕೆಲಸ ಮಾಡುತ್ತದೆ. ಎರಡನೆಯದು, ಇಕ್ಕಟ್ಟಾದ ಜಾಗಕ್ಕೆ ಹಾರಿ ಇಳಿಯುವುದು ಅದಕ್ಕೆ ಇಷ್ಟವಿಲ್ಲ. ತಪ್ಪಿಸಿಕೊಳ್ಳಲು ಓಟದ ಜಾಗ ಬೇಕು. ಹಾಗಾಗಿ ಮೂರು ನಾಲ್ಕು ಮೀಟರ್ ಅಗಲದ ತರಕಾರಿ ಮಡಿಗೆ ಸುತ್ತ 1.5 ಮೀಟರ್ ಜಾಲರಿ ಹಾಕಿದರೂ ಬಹಳ ಸಲ ಸಾಕಾಗುತ್ತದೆ. ನಿಮ್ಮ ಬೀನ್ಸ್ ಮತ್ತು ಗೆಣಸಿಗೆ ನಾನು ಹೇಳುವುದು ಇದನ್ನೇ. ಎರಡನ್ನೂ ಒಂದೇ ಮಡಿಗೆ ತನ್ನಿ, ಮಡಿಯನ್ನು ಉದ್ದ ಮತ್ತು ಕಿರಿದಾಗಿ ಮಾಡಿ, ಸುತ್ತ ಜಾಲರಿ ಕಟ್ಟಿ.

ಬೇಲಿ ಸೋಲುವುದು ಹೆಚ್ಚಾಗಿ ಮೇಲಿಂದಲ್ಲ, ಕೆಳಗಿಂದ. ಜಿಂಕೆಗೆ ಹಾರುವುದಕ್ಕಿಂತ ನುಸುಳುವುದೇ ಇಷ್ಟ. ಒಂದು ಗೇಣು ಸಂದು ಸಿಕ್ಕರೆ ಮೂತಿ ತೂರಿಸಿ, ಬೆನ್ನು ಬಗ್ಗಿಸಿ ಒಳಗೆ ಬರುತ್ತದೆ. ಹಾಗಾಗಿ ಜಾಲರಿಯ ಕೆಳಗಿನ ಅಂಚನ್ನು ನೆಲಕ್ಕೆ ಗೂಟ ಹೊಡೆದು ಬಿಗಿಯಿರಿ. ಹಳ್ಳದ ಕಡೆ ನೆಲ ತಗ್ಗಿದ್ದರೆ ಅಲ್ಲಿ ಸಂದು ಬಿಡಬೇಡಿ. ಗೇಟು ಮರೆಯಬೇಡಿ. ಎಷ್ಟೋ ಮನೆಗಳಲ್ಲಿ ಚೆನ್ನಾದ ಬೇಲಿ ಇರುತ್ತದೆ, ಒಂದು ಸಂಜೆ ಗೇಟು ತೆರೆದಿಟ್ಟದ್ದಕ್ಕೆ ಇಡೀ ಮಡಿ ಖಾಲಿಯಾಗಿರುತ್ತದೆ.

ಕಪ್ಪು ಪ್ಲಾಸ್ಟಿಕ್ ಬಲೆ ಅಗ್ಗ, ದೂರಕ್ಕೆ ಕಾಣುವುದೂ ಇಲ್ಲ. ಕಾಣದಿರುವುದೇ ಅಪಾಯ. ಓಡಿ ಬಂದ ಜಿಂಕೆ ನೇರ ಡಿಕ್ಕಿ ಹೊಡೆಯುತ್ತದೆ. ಹಾಕಿದ ಮೊದಲ ಕೆಲವು ವಾರ ಅಲ್ಲಲ್ಲಿ ಬಿಳಿ ಬಟ್ಟೆ ತುಂಡು ಕಟ್ಟಿ. ಸಡಿಲವಾಗಿ ಗಿಡದ ಮೇಲೆ ಹೊದಿಸುವ ಬಲೆ ಬೇಡವೇ ಬೇಡ. ಹಕ್ಕಿ, ಹಾವು ಸಿಕ್ಕಿಕೊಳ್ಳುತ್ತವೆ, ಗಂಡು ಜಿಂಕೆಯ ಕೊಂಬು ಸುತ್ತಿಕೊಳ್ಳುತ್ತದೆ. ಬಲೆ ಯಾವಾಗಲೂ ಬಿಗಿಯಾಗಿರಬೇಕು. ಈಟಿಯ ಹಾಗೆ ಚೂಪು ತುದಿ ಇರುವ ಕಬ್ಬಿಣದ ಬೇಲಿಯೂ ಬೇಡ. ಹಾರುವಾಗ ಹೊಟ್ಟೆಗೆ ಚುಚ್ಚಿಕೊಂಡ ಜಿಂಕೆಯನ್ನು ಬಿಡಿಸಲು ಒಂದು ಬೆಳಿಗ್ಗೆ ಹೋಗಿದ್ದೆ. ಅದು ಬದುಕಲಿಲ್ಲ.

ಕರೆಂಟ್ ಬೇಲಿಯ ಬಗ್ಗೆ ನಿಮ್ಮ ಯಜಮಾನರಿಗೆ ಈ ಭಾಗ ಓದಿ ಹೇಳಿ. ಮನೆಯ ವಿದ್ಯುತ್ ಲೈನಿನಿಂದ ನೇರವಾಗಿ ತಂತಿಗೆ ಕರೆಂಟ್ ಕೊಡುವುದು ಕೊಲೆಗೆ ಸಮ. ಜಿಂಕೆ ಮಾತ್ರವಲ್ಲ, ಮಕ್ಕಳು, ಪಕ್ಕದ ಮನೆಯವರು, ನೀವೇ ಸಾಯಬಹುದು. ಇದು ಅಪರಾಧವೂ ಹೌದು. ಬೇಲಿಗೆಂದೇ ತಯಾರಾದ ಎನರ್ಜೈಸರ್ ಬೇರೆ. ಅದು ಸೆಕೆಂಡಿಗೆ ಒಂದು ಸಲದಂತೆ ಕ್ಷಣಮಾತ್ರದ ಮಿಡಿತ ಕೊಡುತ್ತದೆ. ಜೋರಾಗಿ ಚುರುಕ್ ಅನ್ನುತ್ತದೆ, ಕೈ ಬಿಡಿಸಿಕೊಳ್ಳಲು ಬಿಡುವು ಸಿಗುತ್ತದೆ. ತೋಟ ದೊಡ್ಡದಿರುವ ಕಡೆ ಅದು ಒಳ್ಳೆಯ ಸಾಧನ. ಜಿಂಕೆಯ ದಪ್ಪ ಕೂದಲು ಶಾಕ್ ತಾಗದಂತೆ ತಡೆಯುತ್ತದೆ. ಹಾಗಾಗಿ ತಂತಿಗೆ ಲೋಹದ ಹಾಳೆ ಸುತ್ತಿ ಅದರ ಮೇಲೆ ಕಡಲೆಕಾಯಿ ಬೆಣ್ಣೆ ಸವರುತ್ತಾರೆ. ಜಿಂಕೆ ಮೂಗು, ನಾಲಿಗೆ ತಾಗಿಸಿ ಪಾಠ ಕಲಿಯುತ್ತದೆ. ಆದರೆ ಹುಲ್ಲು ಬೆಳೆದು ತಂತಿಗೆ ತಾಗಿದರೆ ಶಕ್ತಿ ಸೋರುತ್ತದೆ, ದಿನಾ ನೋಡಿಕೊಳ್ಳಬೇಕು. ಐದು ವರ್ಷದ ಮಗು ಆಡುವ ಸಣ್ಣ ಹಿತ್ತಲಿಗೆ ನಾನು ಇದನ್ನು ಹೇಳುವುದಿಲ್ಲ. ನಿಮ್ಮ ಭಯ ಸರಿಯಾಗಿಯೇ ಇದೆ.

ಬೇಲಿ ಹಾಕಲಾಗದ ಗಿಡಗಳಿಗೆ ಸಿಂಪಡಣೆ. ನಿಮ್ಮ ದಾಸವಾಳ ಈ ಗುಂಪಿಗೆ ಬರುತ್ತದೆ. ಖಾರದ ನೀರು ಹಾಕುವವರು ತುಂಬ. ನೀರು ನೀರಾದ ಖಾರ ಜಿಂಕೆಗೆ ಏನೂ ಅನ್ನಿಸುವುದಿಲ್ಲ, ಗಟ್ಟಿ ಮಾಡಿದರೆ ಸಿಂಪಡಿಸುವವರ ಕಣ್ಣು ಉರಿಯುತ್ತದೆ. ಅದೂ ಅಲ್ಲದೆ, ಖಾರ ಗೊತ್ತಾಗುವುದು ಒಂದು ಬಾಯಿ ತಿಂದ ಮೇಲೆ. ವಾಸನೆಯಿಂದ ದೂರ ಇಡುವ ಸಿಂಪಡಣೆಯೇ ಹೆಚ್ಚು ಒಳ್ಳೆಯದು. ಅದರಲ್ಲೂ ಕೋಳಿಮೊಟ್ಟೆಯದು. ಮೊಟ್ಟೆ ಕೊಳೆಯುವಾಗ ಬರುವ ಗಂಧಕದ ವಾಸನೆ ಮಾಂಸ ತಿನ್ನುವ ಪ್ರಾಣಿ ಹತ್ತಿರ ಇದೆ ಅನ್ನುವ ಸುಳಿವಿನಂತೆ ಕೆಲಸ ಮಾಡುತ್ತದೆ. ಜಿಂಕೆಗೆ ಇಂಥ ವಾಸನೆ ಅಂದರೆ ಹೆದರಿಕೆ.

ಮಾಡುವುದು ಹೀಗೆ. ಮೊಟ್ಟೆ ಒಂದು ಪಾಲು, ನೀರು ನಾಲ್ಕು ಪಾಲು. ನಾಲ್ಕು ಮೊಟ್ಟೆ ಒಡೆದರೆ ಸುಮಾರು 200 ಮಿಲಿಲೀಟರ್ ಆಗುತ್ತದೆ, ಅದಕ್ಕೆ 800 ಮಿಲಿಲೀಟರ್ ನೀರು. ಹಳದಿ ಭಾಗಕ್ಕೆ ಅಂಟಿಕೊಂಡ ಬಿಳಿ ದಾರದಂಥದ್ದನ್ನು ತೆಗೆದುಹಾಕಿ. ಇಲ್ಲದಿದ್ದರೆ ಸ್ಪ್ರೇಯರಿನ ಬಾಯಿ ಕಟ್ಟಿಕೊಳ್ಳುತ್ತದೆ. ಚೆನ್ನಾಗಿ ಕಡೆದು ತೆಳು ಬಟ್ಟೆಯಲ್ಲಿ ಸೋಸಿ, ಒಣ ದಿನ ನೋಡಿ, ಎಲೆಯ ಎರಡೂ ಬದಿಗೆ ಸಿಂಪಡಿಸಿ. ಒಣಗಿದ ಮೇಲೆ ನಮ್ಮ ಮೂಗಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಜಿಂಕೆಗೆ ಗೊತ್ತಾಗುತ್ತದೆ. ಸಣ್ಣ ತುಂತುರಿಗೆ ಹೋಗುವುದಿಲ್ಲ. ಜೋರು ಮಳೆ ಬಂದರೆ ಮತ್ತೆ ಹಾಕಬೇಕು. ಮಳೆ ಇಲ್ಲದಿದ್ದರೂ ತಿಂಗಳಿಗೊಮ್ಮೆ ಬೇಕು. ತಿನ್ನುವ ಸೊಪ್ಪು, ಕಾಯಿಗಳ ಮೇಲೆ ಹಾಕಬೇಡಿ.

ಜನ ಮರೆಯುವ ಒಂದು ವಿಷಯ ಇದೆ. ಸಿಂಪಡಿಸಿದ ದಿನ ಇದ್ದ ಎಲೆಗೆ ಮಾತ್ರ ರಕ್ಷಣೆ. ಆಮೇಲೆ ಬಂದ ಚಿಗುರು ಬರಿಗೈಯಲ್ಲಿ ನಿಂತ ಹಾಗೆ. ಜಿಂಕೆಗೆ ಬೇಕಾದದ್ದೂ ಅದೇ ಚಿಗುರು. ಹಾಗಾಗಿ ಗಿಡ ಭರದಿಂದ ಚಿಗುರುವ ಕಾಲದಲ್ಲಿ ಹತ್ತು ದಿನಕ್ಕೊಮ್ಮೆ ತುದಿಗಳಿಗಷ್ಟೇ ಹಾಕಿ. ಎರಡು ಮೂರು ತಿಂಗಳು ಕಳೆದ ಮೇಲೆ ಬೇರೆ ವಾಸನೆಯ ಔಷಧಿಗೆ ಬದಲಾಯಿಸಿ, ಒಂದೇ ವಾಸನೆಗೆ ಒಗ್ಗಿಕೊಳ್ಳಬಾರದು. ತೀರಾ ಹಸಿದ ಜಿಂಕೆಯನ್ನು ಯಾವ ವಾಸನೆಯೂ ತಡೆಯುವುದಿಲ್ಲ ಅನ್ನುವುದನ್ನೂ ತಿಳಿದಿರಿ.

ಹತ್ತಿರ ಏನಾದರೂ ಚಲಿಸಿದರೆ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ನನಗೆ ಇಷ್ಟವಾದ ಸಾಧನ. ಸದ್ದು, ಚಲನೆ, ಮೈಗೆ ತಣ್ಣೀರು ಮೂರೂ ಒಟ್ಟಿಗೆ ಬರುತ್ತವೆ, ಯಾರಿಗೂ ಹಾನಿಯಿಲ್ಲ. ವಾರಕ್ಕೆರಡು ಸಲ ಜಾಗ ಬದಲಿಸಿದರೆ ಕೆಲವು ವಾರ ಚೆನ್ನಾಗಿ ನಡೆಯುತ್ತದೆ. ರೂಢಿ ಮುರಿಯುವ ಮೊದಲ ತಿಂಗಳಿಗೆ ಇದು ಒಳ್ಳೆಯ ಜೊತೆ. ನಾಯಿ ಸಾಕಿದರೆ ಬರುವುದಿಲ್ಲವೇ ಅಂತ ಕೇಳುತ್ತಾರೆ. ರಾತ್ರಿ ಹಿತ್ತಲಲ್ಲಿ ಬಿಟ್ಟ ನಾಯಿಗೆ ಹೆದರುತ್ತವೆ. ಕಟ್ಟಿಹಾಕಿದ ನಾಯಿಯ ಸರಪಳಿ ಎಷ್ಟು ಉದ್ದ ಅಂತ ಬೇಗ ಕಲಿಯುತ್ತವೆ. ಮರಿ ಇರುವ ತಾಯಿ ನಾಯಿಯ ಮೇಲೆ ಎರಗಿ ಕಾಲಿಂದ ತುಳಿಯುವುದೂ ಉಂಟು.

ಜಿಂಕೆ ತಿನ್ನದ ಗಿಡ ಇದೆಯೇ ಅಂದಿರಿ. ಏನೇ ಕೊಟ್ಟರೂ ತಿನ್ನದ ಗಿಡ ಅಂತ ಇಲ್ಲ. ಕೊನೆಗೆ ತಿನ್ನುವ ಗಿಡಗಳಿವೆ. ಘಮಘಮಿಸುವ ಎಲೆಯವು: ರೋಸ್‌ಮರಿ, ಲ್ಯಾವೆಂಡರ್, ಪುದೀನ. ಈರುಳ್ಳಿ, ಬೆಳ್ಳುಳ್ಳಿ ಜಾತಿಯವು. ಎಲೆ ಮೇಲೆ ಒರಟು ಅಥವಾ ಉಣ್ಣೆಯಂಥ ರೋಮ ಇರುವವು. ಕಹಿ ಹಾಲು ಬರುವವು. ಚಳಿ ಊರುಗಳಲ್ಲಿ ಟುಲಿಪ್ ಚಿಗುರು, ಹೂವನ್ನು ತಿನ್ನುವ ಜಿಂಕೆ ಪಕ್ಕದ ಡ್ಯಾಫೊಡಿಲ್ ಮುಟ್ಟುವುದಿಲ್ಲ, ಅದರಲ್ಲಿ ವಿಷದ ಅಂಶ ಇದೆ. ನಿತ್ಯಪುಷ್ಪವನ್ನೂ ಸಾಮಾನ್ಯವಾಗಿ ಬಿಡುತ್ತವೆ. ಕಣಗಿಲೆಯನ್ನು ಮುಟ್ಟುವುದಿಲ್ಲ, ಆದರೆ ಅದು ಮಕ್ಕಳಿಗೂ ವಿಷ. ನಿಮ್ಮ ಮನೆಗೆ ಈಗ ಬೇಡ. ಚೆಂಡು ಹೂವಿನ ಮೇಲೆ ಜಾಸ್ತಿ ಭರವಸೆ ಇಡಬೇಡಿ, ಕೆಲವು ಕಡೆ ಬಿಡುತ್ತವೆ, ಕೆಲವು ಕಡೆ ಹೂವನ್ನಷ್ಟೇ ಆರಿಸಿ ತಿನ್ನುತ್ತವೆ.

ಹಳ್ಳದ ಕಡೆಯಿಂದ ಅವು ಒಳಗೆ ಬರುವ ದಾರಿಯಲ್ಲೇ ಇಂಥ ಘಾಟು ಗಿಡಗಳನ್ನು ದಟ್ಟವಾಗಿ ನೆಡಿ. ಪ್ರೀತಿಯ ಗಿಡಗಳನ್ನು ಮನೆಯ ಗೋಡೆ ಹತ್ತಿರಕ್ಕೆ ತನ್ನಿ. ನರ್ಸರಿಯಿಂದ ತಂದ ಹೊಸ ಗಿಡ ಗೊಬ್ಬರ ತಿಂದು ಸೊಂಪಾಗಿರುತ್ತದೆ, ತಿನ್ನದ ಜಾತಿಯಾದರೂ ಮೊದಲ ವಾರ ಕಿತ್ತು ನೋಡುತ್ತವೆ. ಆ ವಾರ ಬುಟ್ಟಿಯೋ ಜಾಲರಿಯೋ ಮುಚ್ಚಿಡಿ. ಸಾರಜನಕದ ಗೊಬ್ಬರವನ್ನು ಸುಮ್ನೆ ಸುರಿಯಬೇಡಿ. ಗಿಡ ಎಷ್ಟು ಮೆತ್ತಗೆ, ಹಸಿರಾಗಿ ಬೆಳೆಯುತ್ತದೋ ಅಷ್ಟು ಬೇಗ ಜಿಂಕೆಯ ಕಣ್ಣಿಗೆ ಬೀಳುತ್ತದೆ.

ಹಿಡಿದು ಬೇರೆ ಕಾಡಿಗೆ ಬಿಟ್ಟರೆ ಆಗುವುದಿಲ್ಲವೇ ಅಂತ ನೀವು ಕೇಳಿಲ್ಲ, ಆದರೆ ಬಡಾವಣೆಯ ಸಭೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ಹಿಡಿಯುವಾಗಿನ ಭಯಕ್ಕೇ ಎಷ್ಟೋ ಜಿಂಕೆಗಳು ಸಾಯುತ್ತವೆ. ಸ್ನಾಯುಗಳು ಹಾಳಾಗಿ ಕೆಲವು ದಿನ ಬಿಟ್ಟೂ ಸಾಯುತ್ತವೆ. ಖಾಲಿಯಾದ ಜಾಗಕ್ಕೆ ಬೇರೆ ಜಿಂಕೆ ಬರುತ್ತದೆ. ಸಂತಾನ ತಡೆಯುವ ಪ್ರಯತ್ನಗಳೂ ನಡೆದಿವೆ. 2016ರಲ್ಲಿ ನ್ಯೂಯಾರ್ಕ್ ನಗರದ ಸ್ಟೇಟನ್ ಐಲೆಂಡಿನಲ್ಲಿ ಗಂಡು ಜಿಂಕೆಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಶುರು ಮಾಡಿದರು. ಇಂಥದ್ದು ವರ್ಷಗಟ್ಟಲೆ ನಡೆಯಬೇಕು, ಸರ್ಕಾರ ಮಾಡಬೇಕಾದ ಕೆಲಸ. ಜಿಂಕೆಯನ್ನು ಹಿಡಿಯಲು, ಗಾಯಗೊಳಿಸಲು ಮನೆಯವರಿಗೆ ಹಕ್ಕಿಲ್ಲದ ಊರುಗಳೇ ಜಾಸ್ತಿ. ನಿಮ್ಮಲ್ಲಿ ವನ್ಯಜೀವಿಗಳನ್ನು ನೋಡಿಕೊಳ್ಳುವ ಇಲಾಖೆಯನ್ನು ಕೇಳದೆ ಆ ದಾರಿಗೆ ಹೋಗಬೇಡಿ. ವಿಷ ಇಡುವ ಯೋಚನೆ ಯಾರಿಗೂ ಬರದಿರಲಿ.

ಮಗಳ ವಿಚಾರ. ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ್ದ ಮರಿ ಬಹುಮಟ್ಟಿಗೆ ಅನಾಥ ಆಗಿರಲಿಕ್ಕಿಲ್ಲ. ಎಳೆ ಮರಿಗೆ ವಾಸನೆ ತೀರಾ ಕಡಿಮೆ. ತಾಯಿ ಅದನ್ನು ಒಂದು ಕಡೆ ಮಲಗಿಸಿ, ತನ್ನಿಂದಾಗಿ ಬೇಟೆ ಪ್ರಾಣಿಗಳಿಗೆ ಸುಳಿವು ಸಿಗದಿರಲಿ ಅಂತ ದೂರದಲ್ಲಿ ಮೇಯುತ್ತದೆ. ದಿನಕ್ಕೆ ಕೆಲವೇ ಸಲ ಬಂದು ಹಾಲು ಕುಡಿಸುತ್ತದೆ. ನೀವು ಒಳಗೆ ತರದೆ ಬಿಟ್ಟದ್ದು ಅದರ ಜೀವ ಉಳಿಸಿದ ಹಾಗೆ. ಮಗಳಿಗೆ ಹೀಗೇ ಹೇಳಿ, ಅರ್ಥವಾಗುತ್ತದೆ. ಮರಿ ಕಂಡರೆ ದೂರದಿಂದ ನೋಡಬೇಕು, ಮುಟ್ಟಬಾರದು. ದೊಡ್ಡ ಕೊಂಬಿನ ಗಂಡಿನ ಹತ್ತಿರವಂತೂ ಹೋಗಲೇಬಾರದು. ಹುಲ್ಲಿನಲ್ಲಿ ಆಡಿ ಬಂದ ಮೇಲೆ ಕಿವಿ ಹಿಂದೆ, ಕಂಕುಳು, ಮೊಣಕಾಲ ಹಿಂದೆ ಉಣ್ಣಿ ಕಚ್ಚಿದೆಯೇ ನೋಡಿ. ಜಿಂಕೆ ಇರುವ ಕಡೆ ಉಣ್ಣಿ ಜಾಸ್ತಿ.

ಕೊನೆಗೆ ಅಮ್ಮನ ಗುಲಾಬಿ. ಇವತ್ತೇ ಮಾಡಬೇಕಾದ ಕೆಲಸ ಇದೊಂದೇ, ಉಳಿದದ್ದು ನಿಧಾನಕ್ಕೆ ಆಗಲಿ. ಹರಿದ ತುದಿಗಳನ್ನು ಹಾಗೇ ಬಿಟ್ಟರೆ ಒಣಗುತ್ತಾ ಕೆಳಗಿಳಿಯುತ್ತವೆ. ಚೂಪಾದ, ಒರೆಸಿದ ಕತ್ತರಿಯಿಂದ ಪ್ರತಿ ಕಡ್ಡಿಯನ್ನೂ ಹಸಿ ಇರುವ ಕಡೆಗೆ, ಹೊರಮುಖವಾಗಿರುವ ಒಂದು ಕಣ್ಣಿನ (ಚಿಗುರು ಹೊರಡುವ ಗಂಟಿನ) ಸ್ವಲ್ಪ ಮೇಲೆ, ಓರೆಯಾಗಿ ಕತ್ತರಿಸಿ. ಗಿಡದ ಸುತ್ತ ಅರ್ಧ ಮೀಟರ್ ಬಿಟ್ಟು ನಾಲ್ಕು ಗೂಟ ಹುಗಿದು, 1.8 ಮೀಟರ್ ಎತ್ತರದ ತಂತಿ ಜಾಲರಿ ಸುತ್ತಿ. ಗಿಡಕ್ಕೆ ಅಂಟಿಸಿ ಸುತ್ತಿದರೆ ಜಾಲರಿಯ ಸಂದಿನಿಂದಲೇ ಮೂತಿ ಹಾಕಿ ಕುಡಿ ಕೀಳುತ್ತವೆ. ಒಂದು ಬದಿ ಬಿಚ್ಚಿ ಕಟ್ಟುವ ಹಾಗಿರಲಿ, ನೀವು ಒಳಗೆ ಕೈ ಹಾಕಿ ಕಳೆ ಕೀಳಬೇಕಲ್ಲ. ಇನ್ನೊಂದು ಮಾತು. ಕತ್ತರಿಸಿದ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದ, ಗಟ್ಟಿಯಾದ ನಾಲ್ಕೈದನ್ನು ಎಸೆಯಬೇಡಿ. ಒಂದೊಂದನ್ನೂ ಗೇಣುದ್ದ ಇಟ್ಟುಕೊಂಡು, ಕುಂಡದ ಸಡಿಲ ಮಣ್ಣಿಗೆ ಚುಚ್ಚಿ, ನೆರಳಿನಲ್ಲಿ, ಜಿಂಕೆ ಹತ್ತಲಾಗದ ಕಿಟಕಿ ಕಟ್ಟೆಯ ಮೇಲೆ ಇಡಿ. ಮಣ್ಣು ಒಣಗದಂತೆ ನೋಡಿಕೊಳ್ಳಿ. ಅಮ್ಮನ ಮನೆಯಿಂದ ಬಂದ ಕಡ್ಡಿ ಹಿಡಿದದ್ದು ಹೀಗೇ ಅಲ್ವಾ? ನಾಲ್ಕರಲ್ಲಿ ಎರಡು ಹಿಡಿದರೂ, ಹಿತ್ತಲಲ್ಲಿ ಏನೇ ಆದರೂ ಆ ಗುಲಾಬಿ ನಿಮ್ಮ ಮನೆಯಲ್ಲಿ ಇರುತ್ತದೆ.